ಎಲ್ಲಿಗೂ ಹೋಗದ ಪಿನ್ನು

ನಾವಿಬ್ಬರು ಮಾತು ಬಿಟ್ಟು ಆಗಲೇ ಮೂರು ತಿಂಗಳಾಗಿತ್ತು. ನಾನು ಮತ್ತು ನಮ್ಮ ಹಾರ್ಡ್‌ವೇರ್ ವಿಭಾಗದ ಮುಖ್ಯಸ್ಥರು. ಸುರತ್ಕಲ್ ಕಡೆಗೆ ಹೋಗುವ ಹೆದ್ದಾರಿಗೆ ತಾಗಿದ ಶೆಡ್ಡಿನಲ್ಲಿ ನಮ್ಮದು ಹದಿನೆಂಟು ಜನರ ಕಂಪನಿ. ಅಷ್ಟು ಸಣ್ಣ ಜಾಗದಲ್ಲಿ ಮಾತು ಬಿಟ್ಟು ಬದುಕುವುದಕ್ಕೂ ಒಂದು ಶ್ರದ್ಧೆ ಬೇಕು, ಅದು ನಮ್ಮಿಬ್ಬರಲ್ಲೂ ಧಾರಾಳವಾಗಿತ್ತು. ನಾವು ಮಾಡುವುದು ಗೇರುಬೀಜ ವಿಂಗಡಿಸುವ ಯಂತ್ರ. ಸಿಪ್ಪೆ ತೆಗೆದ ಬೀಜ ಮೇಲಿಂದ ಜಾರಿ ಬೀಳುವಾಗ ಕ್ಯಾಮೆರಾ ನೋಡುತ್ತದೆ. ಕಪ್ಪು ಚುಕ್ಕೆಯೋ ಹುಳುಕೋ ಕಂಡರೆ ಗಾಳಿಯ ನಳಿಕೆಯೊಂದು ಆ ಬೀಜವನ್ನು ಮಾತ್ರ ಊದಿ ಪಕ್ಕದ ಡಬ್ಬಕ್ಕೆ ತಳ್ಳುತ್ತದೆ. ಯಂತ್ರದ ಎಲೆಕ್ಟ್ರಾನಿಕ್ ಬೋರ್ಡಿನ ನಕ್ಷೆ ಮುಖ್ಯಸ್ಥರದು. ಬೋರ್ಡಿನ ಮೇಲೆ ಓಡುವ ಆಪರೇಟಿಂಗ್ ಸಿಸ್ಟಮ್ಮಿನ ಒಳಭಾಗ, ನಾವು ಕರ್ನಲ್ ಎನ್ನುವುದು, ನನ್ನದು.

ಜಗಳ ಹುಟ್ಟಿದ್ದು ಹಳೆಯ ಮಾದರಿಯ ಯಂತ್ರವನ್ನು ಗಿರಾಕಿಗಳಿಗೆ ತೋರಿಸಿದ ದಿನ. ಮುಖ್ಯಸ್ಥರು ಎಲ್ಲರೆದುರು ನಗುತ್ತಾ, "ಬೋರ್ಡ್ ರೆಡಿಯಾಗಿ ಒಂದು ತಿಂಗಳಾಯ್ತು, ಇವರ ಟೈಪಿಂಗ್ ಇನ್ನೂ ಮುಗಿಯಲಿಲ್ಲ" ಎಂದರು. ನಾನೂ ನಗುತ್ತಲೇ, "ನಕ್ಷೆಯನ್ನು ಮನುಷ್ಯರು ಓದುವ ಹಾಗೆ ಬರೆದಿದ್ರೆ ಬೇಗ ಮುಗೀತಿತ್ತು" ಎಂದೆ. ಅಷ್ಟೇ. ಅಂದಿನಿಂದ ಅವರಿಗೆ ತಿಳಿಸಬೇಕಾದ್ದನ್ನು ನಾನು ಬೋರ್ಡಿಗೆ ಚಿಪ್ಪುಗಳನ್ನು ಬೆಸೆಯುವ ಸೋಲ್ಡರಿಂಗ್ ಮೇಜಿನ ಅಕ್ಕನ ಮೂಲಕ ಹೇಳಿಸುತ್ತಿದ್ದೆ, ಅವರೂ ಹಾಗೆಯೇ ಮಾಡುತ್ತಿದ್ದರು.

ಅಕ್ಕ ಎಂದರೆ ಎಲ್ಲರಿಗೂ ಅಕ್ಕ. ಬಿಕರ್ನಕಟ್ಟೆಯಿಂದ ಬಸ್ಸಿನಲ್ಲಿ ಬರುವ ಕೊಂಕಣಿ ಹೆಂಗಸು, ಐವತ್ತರ ಹತ್ತಿರ. ಗಲ್ಫಿನ ಒಂದು ರಿಪೇರಿ ಶಾಪಿನಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ಭೂತಗನ್ನಡಿ ಹಾಕಿಕೊಂಡು ಬೋರ್ಡಿನ ಮೇಲೆ ಬಗ್ಗಿದರೆ ಅವರ ಕೈ ನಡುಗಿದ್ದನ್ನು ನಾನು ಕಂಡಿಲ್ಲ. ನಾನು "ಅಕ್ಕ, ಆ ಜನಕ್ಕೆ ಹೇಳಿ, ಇವತ್ತಿಗೆ ನಕ್ಷೆ ಬೇಕು ಅಂತ" ಎಂದರೆ ಅವರು ಕಣ್ಣೆತ್ತದೆ ಉತ್ತರಿಸುತ್ತಿದ್ದರು.

"ನಾನೆಂತ ಪೋಸ್ಟ್‌ಮ್ಯಾನಾ ಮಾರಾಯ್ರೆ? ಎರಡು ಮೇಜು ದಾಟಿದ್ರೆ ಅವರು ಉಂಟು. ಬಾಯಿ ಉಂಟಲ್ಲ ನಿಮಗೆ, ಅದು ಊಟ ಮಾಡ್ಲಿಕ್ಕೆ ಮಾತ್ರವಾ?"

ಹಾಗೆ ಬೈದ ಮೇಲೂ ಹೋಗಿ ಹೇಳಿ ಬರುತ್ತಿದ್ದರು.

ಇಲ್ಲಿ ನನ್ನ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಕರ್ನಲ್ ಹುಟ್ಟುಕುರುಡು. ತಾನು ಯಾವ ಬೋರ್ಡಿನ ಮೇಲೆ ಎದ್ದಿದ್ದೇನೆ, ಪಕ್ಕದಲ್ಲಿ ಏನೇನು ಉಂಟು ಎಂಬುದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಒಂದು ವಿವರಣೆಯ ಕಡತ ಬರೆದು ನಾವೇ ಹೇಳಬೇಕು. ನಮ್ಮ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಕ್ಯಾಮೆರಾ ಚಿಪ್ಪಿಗೆ ಒಂದು ಮೆಮೊರಿ ಬಸ್ ಹೋಗುತ್ತದೆ, ಹದಿನಾರು ತಂತಿಗಳಲ್ಲಿ ಅಂಕಿಗಳು ಓಡಾಡುವ ದಾರಿ. ಆ ದಾರಿಯ ಕೊನೆಯಲ್ಲಿ ಯಾರಿದ್ದಾರೆ, ಅವರ ವಿಳಾಸ ಯಾವುದು, ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ನ್ಯಾನೊಸೆಕೆಂಡ್ ಕಾಯಬೇಕು, ಇದೆಲ್ಲ ಸಾಲು ಸಾಲಾಗಿ ಬರೆಯಬೇಕು. ನನ್ನ ಅಪ್ಪ ಬೋಳಾರದ ಕಡೆ ಪೂಜೆಗೆ ಹೋಗುವವರು. ನನ್ನ ಕೆಲಸ ಎಂತದ್ದೆಂದು ಅವರಿಗೆ ವಿವರಿಸುವಾಗ, "ಸಂಕಲ್ಪದ ಹಾಗೆ ಅಪ್ಪ" ಎಂದಿದ್ದೆ. ಯಾವ ದೇಶ, ಯಾವ ನದಿಯ ಯಾವ ದಡ, ಯಾವ ತಿಥಿ ಎಂದು ಮೊದಲು ಹೇಳಿ ಆಮೇಲೆ ಪೂಜೆ ಶುರುಮಾಡುತ್ತಾರಲ್ಲ, ಹಾಗೆ. ಅಪ್ಪ ಸ್ವಲ್ಪ ಯೋಚಿಸಿ, "ಹಾಗಾದ್ರೆ ಊರು ಬದಲಾದ್ರೆ ಅದೂ ಬದಲಾಗ್ಬೇಕು. ಬಾಯಿಪಾಠ ಉಂಟು ಅಂತ ಹಳೇದನ್ನೇ ಒದರಿದ್ರೆ ಆಗುದಿಲ್ಲ" ಎಂದಿದ್ದರು. ನನಗೇ ಪಾಠ ಹೇಳಲು ಬರುತ್ತಾರಲ್ಲ ಎಂದು ಆಗ ನಗು ಬಂದಿತ್ತು.

ಈ ತಪ್ಪು ನಡೆಯಬಾರದೆಂದೇ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹೊಸ ಬೋರ್ಡ್ ಬಂದಾಗ ಹಾರ್ಡ್‌ವೇರಿನವರು ನಕ್ಷೆ ಹಿಡಿದು, ಕರ್ನಲಿನವರು ವಿವರಣೆಯ ಕಡತ ಹಿಡಿದು ಎದುರೆದುರು ಕೂರಬೇಕು. ಅವರು ಒಂದು ತಂತಿ ಓದಬೇಕು, ಇವರು ಅದರ ಸಾಲು ಓದಿ ಗುರುತು ಹಾಕಬೇಕು. ಒಂದು ಮಧ್ಯಾಹ್ನ ಪೂರ್ತಿ ಬೇಕಾಗುತ್ತದೆ. ಕೊನೆಗೆ ಒಂದು ಹಾಳೆಗೆ ಇಬ್ಬರೂ ಸಹಿ ಹಾಕುತ್ತಾರೆ. ಧಣಿ, ಎಂದರೆ ಕಂಪನಿಯ ಯಜಮಾನರು, ಆ ಹಾಳೆ ನೋಡದೆ ಬೋರ್ಡನ್ನು ಹೊರಗೆ ಬಿಡುವುದಿಲ್ಲ. ಇದಕ್ಕೆ ನಾವು 'ಓದುವುದು' ಎಂದೇ ಹೇಳುತ್ತೇವೆ.

ಮಾತು ಬಿಟ್ಟವರು ಎದುರೆದುರು ಕೂತು ಓದುವುದು ಹೇಗೆ? ಹೊಸ ಮಾದರಿಯ ಹನ್ನೆರಡು ಬೋರ್ಡು ತಯಾರಾದಾಗ ಅವರು ತಮ್ಮ ಸಹಿ ಹಾಕಿದ ಹಾಳೆಯನ್ನು, ಬದಲಾವಣೆಗಳ ಪಟ್ಟಿಯ ಜೊತೆ, ಅಕ್ಕನ ಕೈಯಲ್ಲಿ ಕೊಟ್ಟು ಕಳಿಸಿದರು. ಪಟ್ಟಿ ಎರಡು ಪುಟ ಇತ್ತು. ನಾನು ಮೊದಲ ಪುಟ ನೋಡಿದೆ. ಕನೆಕ್ಟರ್ ಬದಲಾಗಿದೆ, ದೀಪದ ಬಣ್ಣ ಬದಲಾಗಿದೆ ಎಂಬಂಥ ಸಂಗತಿಗಳು. ಆ ಮನುಷ್ಯ ಬರೆದದ್ದನ್ನು ಓದುವುದೇ ನನಗೆ ಅವಮಾನದಂತೆ ಕಾಣುತ್ತಿತ್ತು. ಎರಡನೆಯ ಪುಟ ತಿರುಗಿಸಲಿಲ್ಲ. ಹಳೆಯ ಬೋರ್ಡಿನ ಕಡತವನ್ನು ನಕಲು ಮಾಡಿ, ಹೆಸರು ಬದಲಿಸಿ, ನಾಲ್ಕು ಸಾಲು ತಿದ್ದಿ, ಸಹಿ ಹಾಕಿ ಕೊಟ್ಟೆ.

ಬೋರ್ಡ್ ಎದ್ದಿತು, ಬೀಜ ಬಿದ್ದಿತು, ಯಂತ್ರ ಚೆಂದವಾಗಿಯೇ ಊದಿತು. ಹನ್ನೆರಡರಲ್ಲಿ ಐದು ಯಂತ್ರಗಳು ಗಿರಾಕಿಯ ಫ್ಯಾಕ್ಟರಿಗೆ ಹೋದವು.

ಜೂನ್ ತಿಂಗಳ ಎರಡನೇ ವಾರ ಫ್ಯಾಕ್ಟರಿಯ ಸೂಪರ್‌ವೈಸರ್ ಫೋನ್ ಮಾಡಿದರು. "ನಿಮ್ಮ ಮೆಷಿನ್‌ಗೆ ಎಂತಾಗಿದೆ? ಬಿಳಿ ಬೀಜವನ್ನೇ ಊದಿ ಬಿಸಾಡ್ತಾ ಉಂಟು. ಹುಳುಕಿನದ್ದು ಒಳ್ಳೆ ಡಬ್ಬಕ್ಕೆ ಬೀಳ್ತದೆ. ಬೆಳಿಗ್ಗೆ ಸರಿ ಇರ್ತದೆ, ಮಧ್ಯಾಹ್ನ ಮಂಡೆ ಕೆಡ್ತದೆ." ಮಾರನೆಯ ದಿನ ಐದೂ ಯಂತ್ರಗಳ ಬೋರ್ಡು ನಮ್ಮ ಮೇಜಿಗೆ ಮರಳಿದವು.

ನಾನು ಒಂದು ಸಣ್ಣ ಪರೀಕ್ಷೆ ಬರೆದೆ. ಕ್ಯಾಮೆರಾ ಚಿಪ್ಪಿನೊಳಗೆ ಯಾವಾಗಲೂ ಬದಲಾಗದ ಒಂದು ಸಂಖ್ಯೆ ಇರುತ್ತದೆ. ಅದನ್ನು ಬಸ್ಸಿನ ಮೂಲಕ ಒಂದು ಲಕ್ಷ ಸಲ ಓದುವುದು, ಎಷ್ಟು ಸಲ ತಪ್ಪು ಬಂತೆಂದು ಎಣಿಸುವುದು. ಮೊದಲ ಬೋರ್ಡಿನಲ್ಲಿ ಮುನ್ನೂರು ತಪ್ಪು. ಬೋರ್ಡಿಗೆ ಹೇರ್ ಡ್ರೈಯರ್ ಹಿಡಿದೆ, ಸೊನ್ನೆ. ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟೆ, ಎರಡು ಸಾವಿರ. ನನಗೆ ಖುಷಿಯೋ ಖುಷಿ. ಉಸಿರಿಗೆ ಕೆಡುವ ಸಾಫ್ಟ್‌ವೇರ್ ಲೋಕದಲ್ಲಿ ಎಲ್ಲಿಯೂ ಇಲ್ಲ. ಇದು ಹಾರ್ಡ್‌ವೇರ್ ದೋಷ, ಇವರ ದೋಷ. ಮೂರು ತಿಂಗಳಿಂದ ಕಾಯುತ್ತಿದ್ದ ದಿನ ಬಂತೆಂದು ಧಣಿಗೆ ಒಂದು ಇಮೇಲ್ ಬರೆದೆ. ಉಸಿರಿನ ಪರೀಕ್ಷೆಯ ಅಂಕಿಗಳನ್ನು ಕೋಷ್ಟಕ ಮಾಡಿ ಹಾಕಿದೆ. ಕೊನೆಯ ಸಾಲು, 'ದಯವಿಟ್ಟು ಟೈಪಿಂಗಿನಲ್ಲಿ ಹುಡುಕಬೇಡಿ.' ಅದನ್ನು ಬರೆದು ನಾಲ್ಕು ಸಲ ಓದಿ ಸಂತೋಷಪಟ್ಟೆ.

ಪ್ರತಿ ಸಿಕ್ಕಿದ್ದ ಮುಖ್ಯಸ್ಥರು ಅರ್ಧ ಗಂಟೆಯಲ್ಲಿ ಉತ್ತರಿಸಿದರು. ನಕ್ಷೆ ಸರಿ ಇದೆ, ಉಸಿರಿಗೂ ಬಿಸಿಗೂ ಬದಲಾಗುತ್ತಿರುವುದರಿಂದ ಇದು ಸೋಲ್ಡರಿಂಗ್ ದೋಷ, ಬೆಸುಗೆಗೆ ಹಚ್ಚಿದ ಫ್ಲಕ್ಸಿನ ಉಳಿದ ಜಿಡ್ಡು ತೇವ ಹೀರುತ್ತಿದೆ, ಕೈಕೆಲಸ ಸಾಲದು. ನಾನು ಎಸೆದ ಕಲ್ಲನ್ನು ಅವರು ಸ್ವಲ್ಪ ಪಕ್ಕಕ್ಕೆ ಸರಿದು ಬಿಟ್ಟುಕೊಟ್ಟರು. ಅದು ಹೋಗಿ ಬಿದ್ದದ್ದು ಅಕ್ಕನಿಗೆ.

ಧಣಿ ಎರಡೂ ಇಮೇಲ್ ಓದಿ ಸೋಲ್ಡರಿಂಗ್ ಮೇಜಿನ ಹತ್ತಿರ ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಗಿರಾಕಿಯ ಫೋನಿಗೆ ಉತ್ತರ ಹೇಳಿ ಹೇಳಿ ಅವರ ಮಂಡೆ ಬಿಸಿಯಾಗಿತ್ತು. "ಅಕ್ಕ, ಈ ವಾರದೊಳಗೆ ಎಲ್ಲಾ ಬೋರ್ಡ್ ಪುನಃ ಸೋಲ್ಡರ್ ಮಾಡಿ. ಆಗ್ಲಿಲ್ಲ ಅಂದ್ರೆ ಸೋಲ್ಡರಿಂಗ್ ಹೊರಗೆ ಕೊಡ್ತೇನೆ. ನೀವು ಪ್ಯಾಕಿಂಗ್‌ಗೆ ಹೋಗಿ."

ಪ್ಯಾಕಿಂಗ್ ಎಂದರೆ ಯಂತ್ರಕ್ಕೆ ಥರ್ಮೋಕೋಲ್ ಸುತ್ತಿ ಟೇಪು ಅಂಟಿಸುವುದು. ಅಕ್ಕ ಭೂತಗನ್ನಡಿ ಒರೆಸಿ ಹಾಕಿಕೊಂಡರು.

ಆ ವಾರ ಅವರು ಊಟಕ್ಕೂ ಸರಿಯಾಗಿ ಏಳಲಿಲ್ಲ. ಪ್ರೊಸೆಸರಿನ ಒಂದೊಂದು ಕಾಲನ್ನೂ ಬಿಸಿಮಾಡಿ, ಹೊಸ ಸೀಸ ಹಾಕಿ, ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ತೊಳೆದು, ಒಣಗಿಸಿ ನನ್ನ ಮೇಜಿಗೆ ತಂದಿಡುತ್ತಿದ್ದರು. ನಾನು ಪರೀಕ್ಷೆ ಓಡಿಸುತ್ತಿದ್ದೆ. ಸೊನ್ನೆ. ಅವರ ಮುಖ ಅರಳುತ್ತಿತ್ತು. ಮಧ್ಯಾಹ್ನ ಹೊರಗಿನ ತೇವ ಒಳಗೆ ಬರುವ ಹೊತ್ತಿಗೆ ಐವತ್ತು, ನೂರು, ನಾನೂರು. ಬೋರ್ಡನ್ನು ಎತ್ತಿ ಅವರ ಮೇಜಿಗೆ ಇಟ್ಟು ಬರುತ್ತಿದ್ದೆ. ತೊಳೆದರೆ ಸರಿಯಾಗುತ್ತದೆ, ಮತ್ತೆ ಕೆಡುತ್ತದೆ. ತೊಳೆದರೆ ಸರಿಯಾಗುತ್ತದೆ ಎಂಬುದೇ ಅವರ ವಿರುದ್ಧದ ಸಾಕ್ಷಿಯಾಯಿತು. ಒಂದೇ ಜಾಗವನ್ನು ನಾಲ್ಕು ಸಲ ಬಿಸಿಮಾಡಿದ್ದಕ್ಕೆ ಎರಡು ಬೋರ್ಡುಗಳ ತಾಮ್ರದ ಪದರವೇ ಎದ್ದು ಬಂತು. ಅವೆರಡೂ ಹಾಳು. ಅದೂ ಅವರದೇ ತಪ್ಪೆಂದು ಬರೆಯಲಾಯಿತು. ಅವರ ಬಲಗೈಯ ತೋರುಬೆರಳಿನ ತುದಿ ಸುಟ್ಟು ಬಿಳಿಯ ಬ್ಯಾಂಡೇಜು ಬಂದಿತ್ತು.

ನನಗೆ ಕನಿಕರ ಇರಲಿಲ್ಲವೇ? ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಇನ್ನೊಂದು ಆಸೆ. ಅಕ್ಕನ ಕೆಲಸ ಸರಿ ಎಂದು ಸಾಬೀತಾದರೆ ಉಳಿಯುವುದು ನಕ್ಷೆ ಮಾತ್ರ, ಆಗ ಆ ಮನುಷ್ಯ ಎಲ್ಲಿಗೆ ಓಡುತ್ತಾನೆ ನೋಡುವಾ ಎಂದು ಕಾಯುತ್ತಿದ್ದೆ. ಅಕ್ಕನ ಸುಟ್ಟ ಬೆರಳಿನ ಮೇಲೆ ನನ್ನ ಲೆಕ್ಕಾಚಾರ ನಡೆಯುತ್ತಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಗುರುವಾರ ಮಧ್ಯಾಹ್ನ ಅಕ್ಕ ಒಂದು ಬೋರ್ಡನ್ನೂ ಮಲ್ಟಿಮೀಟರನ್ನೂ ಹಿಡಿದು ಬಂದರು.

"ಮಾರಾಯ್ರೆ, ನಿಮಗೆ ಪುರುಸೊತ್ತುಂಟಾ? ಸೋಲ್ಡರ್ ನೋಡಿ ನೋಡಿ ಸಾಕಾಯ್ತು. ನಿನ್ನೆಯಿಂದ ನಾನು ಒಂದೊಂದು ಪಿನ್ನಿಗೂ ಮೀಟರ್ ಇಟ್ಟು ಅದು ಎಲ್ಲಿಗೆ ಹೋಗ್ತದೆ ಅಂತ ನೋಡ್ತಾ ಬಂದೆ. ಎಲ್ಲಾ ಎಲ್ಲಿಗಾದ್ರೂ ಹೋಗ್ತದೆ. ಈ ಒಂದು ಪಿನ್ನು ಮಾತ್ರ ಎಲ್ಲಿಗೂ ಹೋಗುದಿಲ್ಲ. ಸುಮ್ಮನೆ ನಿಂತಿದೆ. ಹಳೆ ಬೋರ್ಡಿನಲ್ಲಿ ಇದು ಕ್ಯಾಮೆರಾ ಚಿಪ್ಪಿಗೆ ಹೋಗ್ತಿತ್ತು. ಇದು ಹೀಗೇ ಇರ್ಬೇಕಾ?"

ಬ್ಯಾಂಡೇಜಿನ ಬೆರಳು ತೋರಿಸಿದ ಪಿನ್ನನ್ನು ನೋಡಿದೆ. ಅದರ ಸಂಖ್ಯೆ ನನಗೆ ಬಾಯಿಪಾಠ. ಅದು ವೇಟ್ ಪಿನ್. ಹಳೆಯ ಬೋರ್ಡಿನಲ್ಲಿ ಕ್ಯಾಮೆರಾ ಚಿಪ್ಪು 'ಸ್ವಲ್ಪ ತಡಿ, ಉತ್ತರ ಇನ್ನೂ ರೆಡಿ ಇಲ್ಲ' ಎಂದು ಪ್ರೊಸೆಸರಿಗೆ ಹೇಳುತ್ತಿದ್ದದ್ದು ಆ ತಂತಿಯಲ್ಲಿ. ಹಾಗಾಗಿ ಹಳೆಯ ಕಡತದಲ್ಲಿ ನಾನು ಬರೆದಿದ್ದೆ: ಎಂಬತ್ತು ನ್ಯಾನೊಸೆಕೆಂಡಿಗೆ ಉತ್ತರ ಎತ್ತಿಕೋ, ವೇಟ್ ಪಿನ್ ತಡೆದರೆ ಮಾತ್ರ ನಿಲ್ಲು. ಹೊಸ ಬೋರ್ಡಿನ ಕಡತದಲ್ಲೂ ಅದೇ ಎರಡು ಸಾಲು ಇದ್ದವು, ಏಕೆಂದರೆ ನಕಲು ಮಾಡಿದವನು ನಾನು.

"ಇರಬಹುದು ಅಕ್ಕ. ನೋಡ್ತೇನೆ" ಎಂದೆ. ಅವರು ತಲೆಯಾಡಿಸಿ ಹೋದರು.

ಡ್ರಾಯರಿನಿಂದ ಬದಲಾವಣೆಗಳ ಪಟ್ಟಿ ತೆಗೆದೆ. ಎರಡನೆಯ ಪುಟದ ಮೂರನೆಯ ಸಾಲು: 'ವೇಟ್ ಸಿಗ್ನಲ್ ತೆಗೆದಿದೆ. ಹೊಸ ಚಿಪ್ ಪ್ರತಿ ಸಲವೂ ನೂರನಲವತ್ತು ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತದೆ.' ಮನುಷ್ಯರು ಓದುವ ಹಾಗೆಯೇ ಬರೆದಿದ್ದರು.

ಉಳಿದದ್ದೆಲ್ಲ ತಾನಾಗಿ ಅರ್ಥವಾಯಿತು. ಯಾವ ತಂತಿಗೂ ಸೇರದ ಪಿನ್ನು ಗಾಳಿಯಲ್ಲಿ ತೂಗಾಡುತ್ತಿತ್ತು. ಬೋರ್ಡು ಒಣಗಿದ್ದಾಗ ಪಕ್ಕದ ತಂತಿಯ ಏರಿಳಿತವನ್ನು ಎಳೆದುಕೊಂಡು, ಯಾರೋ ತಡೆದಂತೆ ನಟಿಸಿ, ಪ್ರೊಸೆಸರನ್ನು ಅದೃಷ್ಟವಶಾತ್ ಕಾಯಿಸುತ್ತಿತ್ತು. ತೇವ ಹಿಡಿದಾಗ ಆ ಏರಿಳಿತ ಸೋರಿಹೋಗಿ ಯಾರೂ ತಡೆಯುತ್ತಿರಲಿಲ್ಲ. ಪ್ರೊಸೆಸರ್ ಎಂಬತ್ತಕ್ಕೇ ಕೈಹಾಕಿ, ಹಿಂದಿನ ಬೀಜದ ಉತ್ತರವನ್ನು ಈ ಬೀಜಕ್ಕೆ ಎಂದು ಎತ್ತಿಕೊಂಡು ಬರುತ್ತಿತ್ತು. ಅಕ್ಕ ತೊಳೆದಾಗಲೆಲ್ಲ ಸರಿಯಾಗುತ್ತಿದ್ದದ್ದು ಅವರು ಚೆನ್ನಾಗಿ ತೊಳೆದು ಒಣಗಿಸುತ್ತಿದ್ದರಿಂದ. ಕರ್ನಲಿಗೆ ನಾನು ಇಲ್ಲದ ಊರಿನ ಸಂಕಲ್ಪ ಹೇಳಿದ್ದೆ.

ವೇಟ್ ಪಿನ್ನಿನ ಸಾಲು ತೆಗೆದೆ. ಸ್ವಲ್ಪ ಹೆಚ್ಚೇ ಇರಲಿ ಎಂದು ಎಂಬತ್ತನ್ನು ನೂರ ಅರವತ್ತು ಮಾಡಿದೆ. ಬೋರ್ಡಿನ ಮೇಲೆ ಉಸಿರು ಬಿಟ್ಟೆ, ಒದ್ದೆ ಬಟ್ಟೆಯ ಕೆಳಗೆ ಹತ್ತು ನಿಮಿಷ ಇಟ್ಟೆ. ಲಕ್ಷಕ್ಕೆ ಸೊನ್ನೆ. ಹತ್ತು ಲಕ್ಷಕ್ಕೆ ಸೊನ್ನೆ. ತಿದ್ದಿದ ಕಡತವನ್ನು ಕಂಪನಿಯ ಸರ್ವರಿಗೆ ಸೇರಿಸಿದೆ.

ನಮ್ಮಲ್ಲಿ ಕಡತ ಬದಲಾದರೆ ಎಲ್ಲರಿಗೂ ತಾನಾಗಿ ಒಂದು ಇಮೇಲ್ ಹೋಗುತ್ತದೆ. ಆ ಇಮೇಲನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರು ಇಡೀ ಶೆಡ್ಡಿನಲ್ಲಿ ಇನ್ನೊಬ್ಬರೇ. ಕಾಲು ಗಂಟೆಯಲ್ಲಿ ಮುಖ್ಯಸ್ಥರು ಬಂದರು, ಎರಡು ಗ್ಲಾಸು ಚಹಾ ಹಿಡಿದು. ನನ್ನ ಎದುರು ಕುರ್ಚಿ ಎಳೆದು ಕೂತರು.

"ಸಕ್ಕರೆ ಕಮ್ಮಿ ಅಲ್ವಾ ನಿಮಗೆ?" ಮೂರು ತಿಂಗಳ ನಂತರದ ಮೊದಲ ಮಾತು ಅದು.

ನಾನು ಗ್ಲಾಸನ್ನು ನನ್ನತ್ತ ಎಳೆದುಕೊಂಡೆ.

"ನೋಡಿ, ನೀವು ಎರಡನೇ ಪುಟ ಓದ್ಲಿಲ್ಲ. ನಾನು ಬಾಯಿಬಿಟ್ಟು ಹೇಳ್ಲಿಲ್ಲ, ಆ ಪಿನ್ನನ್ನು ಹಾಗೇ ತೂಗ್ಲಿಕ್ಕೆ ಬಿಟ್ಟದ್ದೂ ನಾನೇ. ಓದದೆ ಸಹಿ ಹಾಕಿದ್ದು ಇಬ್ಬರೂ. ಧಣಿಗೆ ಗೊತ್ತಾದ್ರೆ ಇಬ್ಬರಿಗೂ ಉಂಟು. ನಾಳೆ ಮೀಟಿಂಗಿನಲ್ಲಿ ಸೋಲ್ಡರಿಂಗ್ ಸರಿ ಮಾಡಿದ್ದೇವೆ, ಜೊತೆಗೆ ಒಂದು ಸಣ್ಣ ಅಪ್‌ಡೇಟ್ ಹಾಕಿದ್ದೇವೆ ಅಂತ ಹೇಳುವಾ. ಸುಳ್ಳೂ ಅಲ್ಲ."

"ಅಕ್ಕ?"

"ಪ್ಯಾಕಿಂಗ್ ಎಂತ ಕೆಟ್ಟ ಕೆಲಸವಾ? ಕಣ್ಣಿಗೂ ಒಳ್ಳೇದು ಅವರಿಗೆ, ಈ ಪ್ರಾಯದಲ್ಲಿ."

ನಾನು ಆ ಚಹಾ ಕುಡಿದೆ. ಇದನ್ನು ಬರೆಯಲೇಬೇಕು. ಬೇಡ ಎನ್ನಲಿಲ್ಲ, ಆಯ್ತು ಎನ್ನಲೂ ಇಲ್ಲ, ಗ್ಲಾಸು ಖಾಲಿ ಮಾಡಿ ಇಟ್ಟೆ. ಅವರು ನನ್ನ ಭುಜ ತಟ್ಟಿ ಎದ್ದು ಹೋದರು. ಮೂರು ತಿಂಗಳ ದ್ವೇಷ ಹೀಗೆ ಒಬ್ಬ ಹೆಂಗಸಿನ ಬೆನ್ನ ಮೇಲೆ ಕೈಕುಲುಕಿಕೊಂಡಿತು. ಮುಖ್ಯಸ್ಥರ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ, ಪಕ್ಕದಲ್ಲಿ ನನ್ನ ಮೇಲಿನದೂ ಸೇರಿತು.

ಮಾರನೆಯ ಬೆಳಿಗ್ಗೆ ಧಣಿಯ ಕೋಣೆಯಲ್ಲಿ ನಾಲ್ವರು ಇದ್ದೆವು. ನಾವು ಮೂವರು ಕೂತಿದ್ದೆವು, ಅಕ್ಕ ಬೋರ್ಡು ಹಿಡಿದು ಬಾಗಿಲ ಹತ್ತಿರ ನಿಂತಿದ್ದರು. ಕೂರಿ ಎಂದರೂ ಕೂರಲಿಲ್ಲ. ಮುಖ್ಯಸ್ಥರು ಒಪ್ಪಂದದಂತೆ ಶುರುಮಾಡಿದರು. ಎಲ್ಲಾ ಬೋರ್ಡುಗಳನ್ನು ಪುನಃ ತೊಳೆದು ಸರಿಪಡಿಸಲಾಗಿದೆ, ಸಣ್ಣ ಅಪ್‌ಡೇಟ್ ಹಾಕಲಾಗಿದೆ, ತಪ್ಪು ಸೊನ್ನೆಗೆ ಇಳಿದಿದೆ, ಮುಂದಿನ ಬ್ಯಾಚಿನಿಂದ ಸೋಲ್ಡರಿಂಗನ್ನು ಹೊರಗೆ ಕೊಡುವುದು ಕ್ಷೇಮ.

ಧಣಿ ಅಕ್ಕನ ಕಡೆ ತಿರುಗಿದರು. "ಬೇಜಾರು ಮಾಡ್ಕೊಳ್ಬೇಡಿ ಅಕ್ಕ. ಸಂಬಳ ಅದೇ ಇರ್ತದೆ."

"ಇಲ್ಲ, ಬೇಜಾರೆಂತ ಉಂಟು" ಎಂದರು ಅಕ್ಕ. ಹೋಗಲು ತಿರುಗಿದವರು ನಿಂತು ನನ್ನನ್ನು ನೋಡಿದರು. "ಮಾರಾಯ್ರೆ, ನಿನ್ನೆ ಒಂದು ಪಿನ್ನು ತೋರಿಸಿದ್ದೆನಲ್ಲ. ನೋಡ್ತೇನೆ ಅಂದಿದ್ರಿ. ಎಂತಾಯ್ತು ಅದು? ನನ್ನ ಸಮಾಧಾನಕ್ಕೆ ಕೇಳಿದ್ದು, ಅಷ್ಟೇ."

ಅವರಿಗೆ ಗೊತ್ತಿತ್ತೇ? ಇರಲಿಲ್ಲವೆಂದೇ ನನ್ನ ನಂಬಿಕೆ. ಗೊತ್ತಿದ್ದರೆ ಆ ಕಣ್ಣುಗಳನ್ನು ತಪ್ಪಿಸಿಕೊಳ್ಳುವುದು ಸುಲಭವಿರುತ್ತಿತ್ತು.

"ಅದೇ ತಪ್ಪು" ಎಂದೆ. "ಸೋಲ್ಡರಿಂಗ್ ಯಾವತ್ತೂ ಸರಿ ಇತ್ತು. ತಪ್ಪು ನನ್ನ ಕಡತದ್ದು. ಇಲ್ಲದ ತಂತಿ ಉಂಟು ಅಂತ ಕರ್ನಲಿಗೆ ಬರೆದುಕೊಟ್ಟವನು ನಾನು. ಅದು ನಿನ್ನೆ ಮಧ್ಯಾಹ್ನವೇ ಗೊತ್ತಾಗಿದೆ."

ಜೇಬಿನಲ್ಲಿದ್ದ ಸಹಿಯ ಹಾಳೆಯ ನಕಲನ್ನು ಧಣಿಯ ಮುಂದಿಟ್ಟೆ. ನಾವು ಓದಲೇ ಇಲ್ಲ, ಓದಿದ್ದೇವೆಂದು ಸಹಿ ಹಾಕಿದ್ದೇವೆ ಎಂದೆ. ಮುಖ್ಯಸ್ಥರು ಎದ್ದು ನಿಂತರು. "ಎರಡನೇ ಪುಟದಲ್ಲಿ ನಾನು ಬರೆದಿದ್ದೇನೆ! ಅವರು ಓದ್ಲಿಲ್ಲ ಅಂದ್ರೆ ನನ್ನ ತಪ್ಪಾ?" ಬರೆದಿದ್ದರು, ನಿಜ. ನಾನೂ ಎದ್ದು ನಿಂತು ಚಹಾದ ವಿಷಯ ಹೇಳಿದೆ. ಆಮೇಲೆ ಇಬ್ಬರೂ ಕೂಗಾಡಿದೆವು. ಬೆಕ್ಕುಗಳ ಹಾಗೆ ಕಿತ್ತಾಡಬೇಡಿ ಎಂದು ಧಣಿ ಮೇಜು ಕುಟ್ಟಿದಾಗಲೇ ನಿಂತದ್ದು. ಬಾಗಿಲ ಕಡೆ ನೋಡಿದರೆ ಅಕ್ಕ ಇರಲಿಲ್ಲ. ಬೋರ್ಡನ್ನು ಕುರ್ಚಿಯ ಮೇಲೆ ಇಟ್ಟು ಹೋಗಿದ್ದರು.

ಸೋಲ್ಡರಿಂಗ್ ಹೊರಗೆ ಹೋಗಲಿಲ್ಲ. ಹಾಳಾದ ಎರಡು ಬೋರ್ಡುಗಳ ಬಗ್ಗೆ ಬರೆದದ್ದನ್ನು ಧಣಿ ಹೊಡೆದುಹಾಕಿ ನನ್ನ ಹೆಸರು ಬರೆದರು. ನನಗೂ ಮುಖ್ಯಸ್ಥರಿಗೂ ಸಿಕ್ಕಿದ ಬೈಗುಳ ಹೊರಗಿನವರೆಗೂ ಕೇಳಿಸಿತ್ತಂತೆ. ಕೊನೆಯಲ್ಲಿ ಧಣಿ ಒಂದು ಹೊಸ ನಿಯಮ ಹೇಳಿದರು: ಇನ್ನು ಓದುವುದು ಅಕ್ಕನ ಎದುರು, ಅಕ್ಕನ ಮೂರನೆಯ ಸಹಿ ಇಲ್ಲದೆ ಬೋರ್ಡು ಬಾಗಿಲು ದಾಟಬಾರದು.

ಅಂದು ಮಧ್ಯಾಹ್ನ ಅವರ ಮೇಜಿಗೆ ಹೋಗಿ, "ಅಕ್ಕ, ತಪ್ಪಾಯ್ತು" ಎಂದೆ. ಅವರು ಬೆರಳಿನ ಬ್ಯಾಂಡೇಜು ಬದಲಿಸುತ್ತಿದ್ದರು. "ಹ್ಞಾ" ಎಂದರು. ಇನ್ನೇನಾದರೂ ಹೇಳಿಯಾರು ಎಂದು ಸ್ವಲ್ಪ ಹೊತ್ತು ನಿಂತೆ. ಅವರು ಮುಂದಿನ ಬೋರ್ಡನ್ನು ಎಳೆದುಕೊಂಡರು.

ಸೋಮವಾರ ಮೂವರೂ ಒಂದೇ ಮೇಜಿಗೆ ಕೂತೆವು. ಮುಖ್ಯಸ್ಥರು ನನ್ನ ಮುಖ ನೋಡದೆ ನಕ್ಷೆಯ ಒಂದು ತಂತಿ ಓದುತ್ತಿದ್ದರು, ನಾನು ಅವರ ಮುಖ ನೋಡದೆ ಕಡತದ ಒಂದು ಸಾಲು ಓದುತ್ತಿದ್ದೆ. ಅಕ್ಕ ಮೀಟರಿನ ತಂತಿಗಳ ತುದಿಯ ಎರಡು ಮುಳ್ಳುಗಳನ್ನು ಬೋರ್ಡಿಗೆ ಒತ್ತುತ್ತಿದ್ದರು. ತಂತಿ ಇದ್ದರೆ ಮೀಟರ್ ಕೂಗುತ್ತದೆ. ಕೂಗಿದ ಮೇಲೆಯೇ ಗುರುತು. ಹಾಗೆ ವೇಟ್ ಪಿನ್ನಿನ ಜಾಗಕ್ಕೆ ಬಂದೆವು.

"ಈ ಸಾಲು ಈಗ ಇಲ್ಲ ಅಕ್ಕ, ತೆಗೆದಿದ್ದೇನೆ" ಎಂದೆ.

"ಇಲ್ಲ ಅಂತ ನೀವು ಹೇಳ್ತೀರಿ" ಎಂದರು. "ನಾನು ನೋಡ್ತೇನೆ."

ಒಂದು ಮುಳ್ಳನ್ನು ಆ ಪಿನ್ನಿಗೆ ಒತ್ತಿ, ಇನ್ನೊಂದನ್ನು ಕ್ಯಾಮೆರಾ ಚಿಪ್ಪಿನ ಒಂದೊಂದೇ ಕಾಲಿಗೆ ಮುಟ್ಟಿಸುತ್ತಾ ಹೋದರು. ಅಷ್ಟೂ ಕಾಲುಗಳಿಗೆ. ಮೀಟರ್ ಕೂಗಲಿಲ್ಲ. ಅವರು ಪೆನ್ನು ಎತ್ತಿ ಗುರುತು ಹಾಕಿದರು.

"ಹ್ಞಾ. ಮುಂದಿನ ಸಾಲು ಓದಿ, ಸರ್."

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಸರ್ ಎಂದು ಕರೆದದ್ದು ಅದೇ ಮೊದಲು. ಮಾರಾಯ್ರೆ ಎಂದು ಆಮೇಲೆ ಒಮ್ಮೆಯೂ ಕರೆದಿಲ್ಲ.